ಅಖ್ಮಾತೋವಾ ಏಕವ್ಯಕ್ತಿ ಪ್ರಯೋಗ: ನನ್ನ ಅನುಭವ

"ಸೋವಿಯತ್ ಕಾಲದ ಕವಿಯ ಮೇಲೆ ಕನ್ನಡದಲ್ಲಿ ಏಕವ್ಯಕ್ತಿ ಪ್ರಯೋಗವಾ? ಅದಕ್ಕೆ ಟಿಕೆಟ್ ಬೇರೆನಾ?" ಎಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮೂರಿಗೇ ಕರೆಸಿ ಆಡಿಸಿದ್ದಾರೆ. ಹಾಗಾಗಿ ರಷ್ಯನ್ ಕವಯಿತ್ರಿ ಅನ್ನಾ ಅಖ್ಮಾತೋವಾ ಕುರಿತ ಆ ಪ್ರಯೋಗದ ಬಗ್ಗೆ ಬರೆಯುವ ಧೈರ್ಯ ಬಂದಿದೆ.

ಮೊದಲ ರೂಪ ಹುಟ್ಟಿನಿಂದ ಸಾವಿನವರೆಗಿನ ಮೆರವಣಿಗೆ. 1889ರಲ್ಲಿ ಒಡೆಸ್ಸಾ ಬಳಿ ಜನನ, ಮಾಜಿ ಗಂಡ, ಕವಿ ಗುಮಿಲ್ಯೋವ್‌ಗೆ 1921ರಲ್ಲಿ ಸರ್ಕಾರದ ಗುಂಡು, 1946ರಲ್ಲಿ ಸ್ಟಾಲಿನ್ ಆಪ್ತ ನಾಯಕ ಝ್ದಾನೊವ್ ಆಕೆಯನ್ನು ಜರೆದದ್ದು, ಲೇಖಕರ ಸಂಘದಿಂದ ಉಚ್ಚಾಟನೆ, 1965ರಲ್ಲಿ ಆಕ್ಸ್‌ಫರ್ಡಿನ ಗೌರವ ಡಾಕ್ಟರೇಟ್, ಮರುವರ್ಷ ಸಾವು. ಹಿಂದೆ ಪ್ರೊಜೆಕ್ಟರ್, ಇಟಲಿಯ ಕಲಾವಿದ ಮೊದಿಗ್ಲಿಯಾನಿ ಬರೆದ ಆಕೆಯ ರೇಖಾಚಿತ್ರ, ಪಿಯಾನೋ. ಒಂದೂಮುಕ್ಕಾಲು ಗಂಟೆ. ಯುದ್ಧ ಶುರುವಾಗಿ ಆಕೆ ತಾಷ್ಕೆಂಟ್ ತಲುಪುವ ಹೊತ್ತಿಗೆ ಅರ್ಧ ಸಭಾಂಗಣ ಕ್ಯಾಂಟೀನ್ ತಲುಪಿರುತ್ತಿತ್ತು. ಬಾಡಿಗೆ, ಲೈಟು, ಪೋಸ್ಟರ್ ಎಲ್ಲಾ ಸೇರಿ ನಲವತ್ತು ಸಾವಿರದ ಆಸುಪಾಸು ಮುಳುಗಿತು, ಅರ್ಧ ಕೈಸಾಲದ್ದು.

ಆಮೇಲೆ ಎಲ್ಲವನ್ನೂ ಕಿತ್ತುಹಾಕಿ ಎರಡೇ ಇಟ್ಟುಕೊಂಡೆ: ಜೈಲಿನ ಮುಂದಿನ ಸರತಿ ಸಾಲು, ಬೂದಿಬಟ್ಟಲು. ಆಕೆಯ ಪದ್ಯಮಾಲೆ 'ರೆಕ್ವಿಯಂ' ಹುಟ್ಟಿದ್ದು ಒಂದರಲ್ಲಿ, ಬದುಕುಳಿದದ್ದು ಇನ್ನೊಂದರಿಂದ.

1938ರಲ್ಲಿ, ಸ್ಟಾಲಿನ್ ದಮನದ ದಿನಗಳಲ್ಲಿ, ಮಗ ಲೆವ್ ಬಂಧನವಾದ ಮೇಲೆ ಆಕೆ ಲೆನಿನ್‌ಗ್ರಾಡಿನ ಜೈಲುಗಳ ಮುಂದೆ ಸಾಲು ನಿಂತವಳು. ಹದಿನೇಳು ತಿಂಗಳು ಎಂದು ಆಕೆಯೇ ಬರೆದಿದ್ದಾಳೆ. ಕೈದಿಯ ಹೆಸರಿನ ಮೊದಲ ಅಕ್ಷರಕ್ಕೆ ಇಂಥ ದಿನ ಎಂದಿರುತ್ತಿತ್ತು. ಜೈಲಿನ ಕಿಟಕಿಯವನು ಕೈದಿಗೆಂದು ಕೊಟ್ಟ ಹಣ ತೆಗೆದುಕೊಂಡರೆ ನಿಮ್ಮವನು ಇನ್ನೂ ಅಲ್ಲಿದ್ದಾನೆ. ವಾಪಸು ತಳ್ಳಿದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬೇಕು. ಇದನ್ನು ನಾನು ಹೇಳುವುದಿಲ್ಲ, ಮಾಡಿಸುತ್ತೇನೆ. ಪ್ರೇಕ್ಷಕರನ್ನು ಹೊರಗೇ ಅಕ್ಷರಮಾಲೆಯ ಕ್ರಮದಲ್ಲಿ ಸಾಲು ನಿಲ್ಲಿಸಿ, ಸೊಂಟದ ಎತ್ತರಕ್ಕೆ ಪ್ಲೈವುಡ್ಡಿನಲ್ಲಿ ಕೊರೆದ ಪುಟ್ಟ ಕಿಟಕಿಯಲ್ಲಿ ಅವರು ಬಗ್ಗಿ ಹೆಸರು ಹೇಳಿ ಟಿಕೆಟ್ ಕೊಡುವಂತೆ ಮಾಡುತ್ತೇನೆ. ಕೆಲವರದ್ದನ್ನು ಮಾತಿಲ್ಲದೆ ವಾಪಸು ತಳ್ಳುತ್ತೇವೆ. ಮೊದಲ ಸಲ ರಂಪ. ನಾಲ್ಕೈದು ಜನ ಹಣ ವಾಪಸು ತೆಗೆದುಕೊಂಡು ಹೊರಟರು, ಒಬ್ಬ ಹಿರಿಯರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅರ್ಧ ಗಂಟೆ ನಿಲ್ಲಿಸಿದ್ದು ಹೆಚ್ಚಾಯಿತು, ಹದಿನೈದು ನಿಮಿಷಕ್ಕೆ ಇಳಿಸಿದೆ. ತಳ್ಳಿಸಿಕೊಂಡವರನ್ನು ಆಮೇಲೆ ಒಳಗೆ ಹೇಗೆ ತರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಇಷ್ಟು ಮಾತ್ರ ಹೇಳುತ್ತೇನೆ: ಕೊನೆಗೆ ಚಪ್ಪಾಳೆ ನಿಲ್ಲಿಸದವರು ಅವರೇ.

ಎರಡನೆಯದು ಬೂದಿಬಟ್ಟಲು. ಫೊಂತಾಂಕಾ ನದಿ ದಂಡೆಯ ಮನೆಯಲ್ಲಿ ಗೋಡೆಗೂ ಕಿವಿ ಎಂಬ ಭಯ. ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಬಂದಾಗ ಅಖ್ಮಾತೋವಾ ಮಾತು ನಿಲ್ಲಿಸಿ, ಕಣ್ಣಲ್ಲೇ ಸೂರು ತೋರಿಸಿ, "ಚಹಾ ಕುಡೀತೀರಾ?" ಎಂದು ಜೋರಾಗಿ ಕೇಳುತ್ತ ಚೀಟಿಯಲ್ಲಿ ಪದ್ಯ ಗೀಚುತ್ತಿದ್ದಳು. ಗೆಳತಿ ಓದಿ ಬಾಯಿಪಾಠ ಮಾಡಿ ಹಿಂದಿರುಗಿಸಬೇಕು. "ಈ ಸಲ ಶರದೃತು ಬೇಗ ಬಂತು" ಎನ್ನುತ್ತ ಬೆಂಕಿಕಡ್ಡಿ ಗೀರಿದರೆ ಚೀಟಿ ಬೂದಿ. ಆ ಓದುವ ಹೊತ್ತಿಗೆ ರಂಗದಲ್ಲಿ ಒಂದೂವರೆ ನಿಮಿಷ ಮೌನ ಇಟ್ಟಿದ್ದೇನೆ. ಗೆಳೆಯರೆಲ್ಲ ಬೇಡವೆಂದರು. ಆದರೂ ಆ ಮೌನ ಗೆದ್ದಿತು! ಪೆನ್ಸಿಲ್ಲಿನ ಸದ್ದು ಮೈಕಿಲ್ಲದೆ ಮೂರನೇ ಸಾಲಿಗೆ ಕೇಳುತ್ತದೆ. ಚೀಟಿಯ ಕೆಳಗೆ ಏನಿಡುತ್ತೇನೆ ಎಂದು ಕೇಳಬೇಡಿ.

ಕಾಗದಕ್ಕೇ ತಿಂಗಳುಗಟ್ಟಲೆ ಹೋಯಿತು. ನ್ಯೂಸ್‌ಪ್ರಿಂಟ್ ಹೊಗೆ ಬಿಡುತ್ತದೆ, ಬಟರ್ ಪೇಪರ್ ಸುರುಳಿ ಸುತ್ತಿ ಬಟ್ಟಲಿಂದ ಹಾರುತ್ತದೆ, ನೋಟ್‌ಬುಕ್ ಹಾಳೆ ಅರ್ಧಕ್ಕೇ ಆರುತ್ತದೆ. ಒಂದು ಸಭಾಂಗಣದವರು ಬೆಂಕಿ ಎಂದೊಡನೆ ಎರಡು ಸಾವಿರ ಹೆಚ್ಚುವರಿ ಠೇವಣಿ ಕಟ್ಟಿಸಿಕೊಂಡರು. ಅದು ಇವತ್ತಿಗೂ ವಾಪಸು ಬಂದಿಲ್ಲ.

ನಡುವೆ ಟೈಪ್‌ರೈಟರ್ ಹುಚ್ಚೂ ಹಿಡಿಯಿತು. 1963ರಲ್ಲಿ 'ರೆಕ್ವಿಯಂ' ಅಚ್ಚಾದದ್ದು ಜರ್ಮನಿಯ ಮ್ಯೂನಿಕ್ಕಿನಲ್ಲಿ, ಸ್ವದೇಶದಲ್ಲಿ 1987ಕ್ಕೆ. ಅಷ್ಟರವರೆಗೆ ಅಲ್ಲಿ ಅದು ಕಾರ್ಬನ್ ಪ್ರತಿಗಳಲ್ಲಿ ಓಡಾಡಿತು. ನಮ್ಮಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳ ರಾಶಿಯಲ್ಲಿ ಹುಡುಕಿದವರಿಗೆ ಯಾಕೆ ಸಿಗಲಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ಗುಜರಿಯಿಂದ ಕನ್ನಡ ಟೈಪ್‌ರೈಟರ್ ತಂದು (ಮೂರೂವರೆ ಸಾವಿರ, ರಿಪೇರಿ ಬೇರೆ) ತೆಳು ಹಾಳೆಗೆ ಕಾರ್ಬನ್ ಹಾಕಿ ಬಡಿದೆ. ನಾಲ್ಕನೇ ಪ್ರತಿಯಲ್ಲಿ ಒತ್ತಕ್ಷರ ಮಾಯ, ಐದನೆಯದರಲ್ಲಿ ಸಾಲೇ ಮಸಿ. ಬಾಗಿಲಲ್ಲಿ ಹತ್ತು ರೂಪಾಯಿಗೆ ಇಟ್ಟರೆ ಜನ ಆ ಮಸಿ ಪ್ರತಿಯನ್ನೇ ಆರಿಸಿಕೊಂಡರು!

ಆ ಪದ್ಯಗಳನ್ನು ತಲೆಯಲ್ಲಿ ಹೊತ್ತವರು ಬೆರಳೆಣಿಕೆಯ ಆಪ್ತರು. ಆ ಲೆಕ್ಕ ಹಿಡಿದು ಸಾಲಿನಲ್ಲಿ ನಿಂತ ಹತ್ತು ಹನ್ನೊಂದು ಪ್ರೇಕ್ಷಕರಿಗೆ ಪದ್ಯದ ಒಂದೊಂದು ಸಾಲು ಬಾಯಿಪಾಠ ಮಾಡಿಸಿ, ಕೊನೆಯಲ್ಲಿ ಕತ್ತಲಲ್ಲಿ ಹೇಳಿಸಿದೆ. ಮೊದಮೊದಲು ಕಿಸಕಿಸ ನಗು, ಅರ್ಧ ಜನಕ್ಕೆ ಮರೆವು. ಸಾಲನ್ನು ಐದಾರು ಪದಕ್ಕೆ ಕತ್ತರಿಸಿದ ಮೇಲೆ ಸರಿಹೋಯಿತು. ಮರೆತವರು ಸುಮ್ಮನಿದ್ದರೆ ಆ ಖಾಲಿಯೂ ಹಾಗೇ ಇರಲಿ ಎಂದು ಬಿಡುತ್ತೇನೆ.

ಈಗಿನ ಅವಧಿ ಐವತ್ತೈದು ನಿಮಿಷ. ಒಂದು ಮೇಜು, ಎರಡು ಕುರ್ಚಿ, ನಾಲ್ಕು ದೀಪ. ಸಂಭಾವನೆ ಹನ್ನೆರಡರಿಂದ ಹದಿನೈದು ಸಾವಿರ, ಬಸ್ ಖರ್ಚು ಬೇರೆ. ಹಳೆಯ ಸಾಲ ಹೋದ ಮಳೆಗಾಲಕ್ಕೆ ತೀರಿತು. ಅರವತ್ತಕ್ಕಿಂತ ಹೆಚ್ಚು ಜನರನ್ನು ಸೇರಿಸಬೇಡಿ, ಕಿಟಕಿಯ ಆಟ ಕೆಡುತ್ತದೆ. ಮತ್ತೆ ಸೀಲಿಂಗ್ ಫ್ಯಾನ್ ಆಫ್ ಮಾಡಿಸುವುದನ್ನು ಕರಾರಿನಲ್ಲೇ ಬರೆಸಿ, ಇಲ್ಲದಿದ್ದರೆ ಬೂದಿ ಮುಂದಿನ ಸಾಲಿನವರ ಮಡಿಲಿಗೆ.