ಐದು ಪ್ರೋಟಾನುಗಳಿಂದ ಶುರುವಾದ ಪಾಠ

ಎಂ.ಎಸ್ಸಿ. ಮಕ್ಕಳಿಗೆ ಬಾಹ್ಯಾಕಾಶ ಪ್ಲಾಸ್ಮಾ (ಎಲೆಕ್ಟ್ರಾನುಗಳೂ ಅಯಾನುಗಳೂ ಬಿಡಿಬಿಡಿಯಾಗಿರುವ ಅನಿಲ) ಪಾಠ ಮಾಡಿದ ಮೊದಲ ಎರಡು ವರ್ಷ ನಾನು ಪುಸ್ತಕದ ಕ್ರಮವನ್ನೇ ಹಿಡಿದಿದ್ದೆ. ದ್ರವ್ಯದ ನಾಲ್ಕನೆಯ ಸ್ಥಿತಿ, ಒಂದು ವಿದ್ಯುದಂಶದ ಪ್ರಭಾವ ತಲುಪುವ ಡಿಬೈ ದೂರ, ಕಣಗಳ ಗುಂಪಿನ ಚಲನೆ ಹೇಳುವ ವ್ಲಾಸೊವ್ ಸಮೀಕರಣ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೇ ಇಳಿಸಿದರು. ಒಂದು ವೈವಾದಲ್ಲಿ, ತುಂಬ ಚೆನ್ನಾಗಿ ಓದುವ ಹುಡುಗಿಯನ್ನು ಕೇಳಿದೆ: "ಸೌರ ಮಾರುತದಲ್ಲಿ ಒಂದು ಕಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯೋ ಮುಂಚೆ ಎಷ್ಟು ದೂರ ಹೋಗುತ್ತಮ್ಮ?" "ಮೈಕ್ರಾನ್‌ಗಿಂತ ಕಡಿಮೆ ಇರಬಹುದು ಮೇಡಂ" ಅಂದಳು. ಅವಳ ಮನಸ್ಸಿನಲ್ಲಿದ್ದದ್ದು ಆ ಕೋಣೆಯ ಗಾಳಿ. ಸೌರ ಮಾರುತವೆಂದರೆ ಸೂರ್ಯನಿಂದ ಹೊರಹರಿಯುವ ಕಣಗಳ ಗಾಳಿ; ಅಲ್ಲಿ ನಿಜವಾದ ಉತ್ತರ ಹೆಚ್ಚುಕಡಿಮೆ ಸೂರ್ಯನಿಂದ ಭೂಮಿಗಿರುವಷ್ಟು ದೂರ, 15 ಕೋಟಿ ಕಿ.ಮೀ. ವ್ಲಾಸೊವ್ ಸಮೀಕರಣದಲ್ಲಿ ಡಿಕ್ಕಿಯ ಪದವೇ ಯಾಕಿಲ್ಲ ಎಂಬುದು ಈ ಒಂದು ಸಂಖ್ಯೆಯಲ್ಲಿದೆ. ಅದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ಮುಂದಿನ ವರ್ಷ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಮೂರೇ ಅಂಕಿ ಬರೆದೆ. ಭೂಮಿಯ ಹತ್ತಿರದ ಸೌರ ಮಾರುತದಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 5 ಪ್ರೋಟಾನು, ವೇಗ ಸೆಕೆಂಡಿಗೆ 400 ಕಿ.ಮೀ., ಕಾಂತಕ್ಷೇತ್ರ 5 ನ್ಯಾನೊಟೆಸ್ಲಾ. ಈ ಪ್ರೋಟಾನು ಕಾಂತಕ್ಷೇತ್ರದ ಸುತ್ತ ಎಷ್ಟು ದೊಡ್ಡ ವೃತ್ತ ಸುತ್ತುತ್ತದೆ, ಲೆಕ್ಕ ಹಾಕಿ ಅಂದೆ.

ಎಲ್ಲರೂ 400 ಅನ್ನೇ ಸೂತ್ರಕ್ಕೆ ಹಾಕಿ 835 ಕಿ.ಮೀ. ತಂದರು. ಈಗ ಪ್ರತಿ ವರ್ಷ ಈ ತಪ್ಪಿಗಾಗಿಯೇ ಕಾಯುತ್ತೇನೆ, ಏಕೆಂದರೆ ಪಾಠದ ತಿರುಳು ಇಲ್ಲಿದೆ. ಆ 400 ಇಡೀ ಗಾಳಿಯ ಓಟ, ಕಾಂತಕ್ಷೇತ್ರವೂ ಅದರ ಜೊತೆಗೇ ಓಡುತ್ತಿದೆ. ಗಾಳಿಯೊಂದಿಗೆ ನಾವೂ ಸಾಗುತ್ತಾ ನೋಡಿದರೆ ಪ್ರೋಟಾನಿಗೆ ಉಳಿಯುವುದು ಶಾಖದ ವೇಗ ಮಾತ್ರ: ಒಂದು ಲಕ್ಷ ಕೆಲ್ವಿನ್‌ಗೆ ಸೆಕೆಂಡಿಗೆ ಸುಮಾರು 40 ಕಿ.ಮೀ. ಆಗ ತ್ರಿಜ್ಯ ಸುಮಾರು 85 ಕಿ.ಮೀ., ಬೆಂಗಳೂರಿಗೂ ಮಂಡ್ಯಕ್ಕೂ ನೇರವಾಗಿ ಇರುವಷ್ಟು. ಒಂದು ಸುತ್ತಿಗೆ 13 ಸೆಕೆಂಡು. ಡಿಕ್ಕಿಯ ದೂರ 15 ಕೋಟಿ, ಸುತ್ತಿನ ತ್ರಿಜ್ಯ 85. ಕಣಗಳು ಪರಸ್ಪರ ತಾಕದಿದ್ದರೂ ಇದು ಒಂದು ದ್ರವದ ಹಾಗೆ ಹರಿಯುವುದು ಕಾಂತಕ್ಷೇತ್ರ ಅವುಗಳನ್ನು ಕಟ್ಟಿಹಾಕಿರುವುದರಿಂದ. ಪ್ಲಾಸ್ಮಾವನ್ನು ವಿದ್ಯುತ್ ಹರಿಸುವ ದ್ರವವೆಂದು ನೋಡುವ, 1942ರಲ್ಲಿ ಹಾನೆಸ್ ಆಲ್ಫ್ವೆನ್ ಕಟ್ಟಿಕೊಟ್ಟ ಕಾಂತದ್ರವಗತಿಶಾಸ್ತ್ರಕ್ಕೆ ಇದಾದ ಮೇಲೆ ಬಂದರೆ ಮಕ್ಕಳ ಮುಖದಲ್ಲಿ ಗಾಬರಿ ಇರುವುದಿಲ್ಲ.

ಎರಡನೆಯ ಲೆಕ್ಕ ಭೂಮಿಯ ಕಾಂತಗೋಳದ, ಅಂದರೆ ಭೂಮಿಯ ಕಾಂತಕ್ಷೇತ್ರ ಆಳುವ ಪ್ರದೇಶದ, ಅಂಚು. ಸೌರ ಮಾರುತದ ಒತ್ತಡ 1.3 ನ್ಯಾನೊಪಾಸ್ಕಲ್. ಸಮಭಾಜಕದ ನೆಲದಲ್ಲಿ 31,000 ನ್ಯಾನೊಟೆಸ್ಲಾ ಇರುವ ಭೂಕ್ಷೇತ್ರ ದೂರದ ಘನದಂತೆ ಇಳಿಯುತ್ತದೆ, ಅಂಚಿನಲ್ಲಿ ಹರಿಯುವ ವಿದ್ಯುತ್ತು ಅದನ್ನು ಇಮ್ಮಡಿಸುತ್ತದೆ. ಎರಡೂ ಒತ್ತಡಗಳನ್ನು ಸಮ ಮಾಡಿ ಆರನೆಯ ಮೂಲ ತೆಗೆದರೆ ಹತ್ತು ಭೂತ್ರಿಜ್ಯ. ಉಪಗ್ರಹಗಳು ಅಳೆದದ್ದೂ ಸುಮಾರು ಅಷ್ಟೇ. ಅರ್ಧ ಪುಟದ ಲೆಕ್ಕ ಆಕಾಶದಲ್ಲಿರುವ ಗೋಡೆಯನ್ನು ಹಿಡಿದುಕೊಟ್ಟಿತಲ್ಲ ಎಂಬ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಆರನೆಯ ಮೂಲ ಎಂದರೆ ಗೋಡೆ ಬಹಳ ಗಟ್ಟಿ, 6.6 ಭೂತ್ರಿಜ್ಯದ ಭೂಸ್ಥಿರ ಕಕ್ಷೆಯವರೆಗೆ ಅದನ್ನು ತಳ್ಳಲು ಒತ್ತಡ ಹನ್ನೆರಡು ಪಟ್ಟಿಗೂ ಮೀರಿ ಹೆಚ್ಚಬೇಕು.

2024ರ ಮೇ 10ರಂದು ಅದು ನಡೆದೇಹೋಯಿತು. 2003ರ ಅಕ್ಟೋಬರ್ ನಂತರದ ಮೊದಲ ಜಿ5 ದರ್ಜೆಯ, ಅಂದರೆ ಅತಿ ತೀವ್ರ ದರ್ಜೆಯ, ಭೂಕಾಂತ ಬಿರುಗಾಳಿ; ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದು ಅವತ್ತೇ. ಆಮೇಲೆ ಪ್ರತಿ ಬ್ಯಾಚಿಗೂ ಸೌರ ಮಾರುತದ ಅಳತೆಗಳ ಸಂಗ್ರಹವಾದ ನಾಸಾದ ಓಮ್ನಿ ದತ್ತಾಂಶದಿಂದ ಆ ಎರಡು ದಿನದ ವೇಗ, ಸಾಂದ್ರತೆ, ಕಾಂತಕ್ಷೇತ್ರ ಇಳಿಸಿಕೊಂಡು ಗ್ರಾಫ್ ಹಾಕಿ ಅನ್ನುತ್ತೇನೆ. ದುಡ್ಡು ಕೊಡಬೇಕಿಲ್ಲ, ಪೈಥಾನ್ ಸ್ವಲ್ಪ ಬಂದರೆ ಸಾಕು. ಒಂದು ಎಚ್ಚರ: ಅಳತೆ ಇಲ್ಲದ ಜಾಗದಲ್ಲಿ ಆ ಕಡತದಲ್ಲಿ 9999ನಂಥ ಅಂಕಿ ತುಂಬಿರುತ್ತಾರೆ, ಅದನ್ನು ತೆಗೆಯದಿದ್ದರೆ ಗ್ರಾಫ್ ಕೆಡುತ್ತದೆ. ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1 ಇರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ. ಸಾಮಾನ್ಯ ಗಾಳಿ ಅಲ್ಲಿಂದ ಇಲ್ಲಿಗೆ ಬರಲು ಒಂದು ಗಂಟೆ, ಸೆಕೆಂಡಿಗೆ 700 ಕಿ.ಮೀ. ಓಡುವ ಗಾಳಿಯಾದರೆ 36 ನಿಮಿಷ. ಮುನ್ಸೂಚನೆಗೆ ಸಿಗುವ ಸಮಯ ಇಷ್ಟೇ ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಅಲೆಗಳ ಪಾಠಕ್ಕೆ ಮಾತ್ರ ಬೋರ್ಡು ಬಿಟ್ಟು ಶಬ್ದದಿಂದ ಶುರುಮಾಡುತ್ತೇನೆ. 2013ರ ಏಪ್ರಿಲ್-ಮೇಯಲ್ಲಿ, ಸೂರ್ಯನಿಂದ ದೂರ ದೂರ ಸಾಗುತ್ತಿರುವ ನಾಸಾದ ನೌಕೆ ವಾಯೇಜರ್ 1 ದಾಖಲಿಸಿದ ಪ್ಲಾಸ್ಮಾ ಆಂದೋಲನವನ್ನು ಸ್ಪೀಕರಿನಲ್ಲಿ ಹಾಕಿದರೆ ಸಣ್ಣ ಸೀಟಿಯಂತೆ ಕೇಳುತ್ತದೆ. ಆವರ್ತನ ಸುಮಾರು 2.6 ಕಿಲೋಹರ್ಟ್ಸ್. ಸಾಂದ್ರತೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಕಿಲೋಹರ್ಟ್ಸ್‌ನಲ್ಲಿ ಆವರ್ತನ ಬರುತ್ತದೆ, ಇನ್ನು ನೀವೇ ಹಿಂದಕ್ಕೆ ಹೋಗಿ ಅನ್ನುತ್ತೇನೆ. ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನು. ಸೂರ್ಯನ ಗಾಳಿಯ ಹೊರ ಅಂಚಿನೊಳಗೆ ಇರುವುದು 0.002ರ ಆಸುಪಾಸು. ಹೋದ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎರಡೂ ಅಂಕಿಯನ್ನು ಒಂದರ ಕೆಳಗೊಂದು ಬರೆದು, ಭಾಗಿಸಿ, ತಲೆಯೆತ್ತಿ ಕೇಳಿದ: "ನಲವತ್ತು ಪಟ್ಟು ದಟ್ಟ... ಹಾಗಾದ್ರೆ ಅದು ಆಗಲೇ ಹೊರಗೆ ಹೋಗಿತ್ತಾ ಮೇಡಂ?"