ರಸ್ಟ್ ಎರರ್ ವಿವರಣೆಯ ಉದಾಹರಣೆ ಟೆಸ್ಟ್‌ನಲ್ಲಿ ಪಾಸಾಗದಿದ್ದಾಗ

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಎರರ್ ಕೋಡ್‌ಗಳಿಗೆ ಉದ್ದನೆಯ ವಿವರಣೆ ಇರುತ್ತದೆ. ‘ರಸ್ಟ್‌ಸಿ --ಎಕ್ಸ್‌ಪ್ಲೇನ್ ಇ0382’ ಎಂದು ಕೊಟ್ಟರೆ ಟರ್ಮಿನಲ್‌ನಲ್ಲೇ ಓದಬಹುದು. ಇ0382 ಅಂದರೆ ಮೂವ್ ಆದ (ಮೌಲ್ಯದ ಒಡೆತನ ಬೇರೆ ಕಡೆ ಹೋದ) ವೇರಿಯೇಬಲನ್ನು ಮತ್ತೆ ಬಳಸಿದ್ದೀರಿ ಎಂದು. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಅದಕ್ಕೇ ಆ ವಿವರಣೆಗೆ ಇನ್ನೊಂದು ಸರಳ ಉದಾಹರಣೆ ಬರೆದೆ. ಉದಾಹರಣೆಗಳನ್ನು ಪರೀಕ್ಷಿಸುವ ಟೆಸ್ಟ್ ಪಾಸಾಗಲಿಲ್ಲ.

ಆ ಟೆಸ್ಟ್‌ನಲ್ಲಿ ತಪ್ಪು ಕೋಡ್ ಸುಮ್ನೆ ಕಂಪೈಲ್ ಆಗದಿದ್ದರೆ ಸಾಲದು, ಹೇಳಿದ ಎರರ್ ಕೋಡೇ ಬರಬೇಕು. ಬರುತ್ತಿದ್ದದ್ದು ಇ0308, ಅಂದರೆ ಟೈಪ್ ಹೊಂದುತ್ತಿಲ್ಲ. ಟೈಪ್ ತಪ್ಪಿದ ಫಂಕ್ಷನ್ನನ್ನು ಬಾರೋ ಚೆಕರ್ (ಇ0382 ಹಿಡಿಯುವ ಕಂಪೈಲರ್‌ನ ಭಾಗ) ಪರೀಕ್ಷಿಸಲು ಹೋಗುವುದೇ ಇಲ್ಲ. ಕರೆಯುವ ಫಂಕ್ಷನ್‌ನ ಪ್ಯಾರಾಮೀಟರನ್ನು ಕೊಡುತ್ತಿದ್ದ ಮೌಲ್ಯಕ್ಕೆ ಹೊಂದುವ ‘ಸ್ಟ್ರಿಂಗ್’ ಟೈಪ್ ಮಾಡಿದೆ, ಇ0382 ಬಂತು.

ಸರಿಯಾದ ಕೋಡನ್ನೂ ಕೆಳಗೆ ಸೇರಿಸಿದೆ. ಕ್ಲೋನ್ (ಮೌಲ್ಯದ ನಕಲು) ಮಾಡಿದರೂ ಎರರ್ ಹೋಗುತ್ತದೆ. ಆದರೆ ಕಲಿಯುವವರಿಗೆ ಮೊದಲು ರೆಫರೆನ್ಸ್ (ಒಡೆತನ ಬಿಡದೆ ಬಳಸಲು ಕೊಡುವುದು) ಕೊಡುವುದನ್ನು ತೋರಿಸುವುದೇ ಒಳ್ಳೆಯದು, ಅಲ್ವಾ?