ಪಾಸ್‌ವರ್ಡ್ ಮರೆತ ಮನೆಯ ಕಂಪ್ಯೂಟರ್ ಅನ್ನು ನಾನು ತೆರೆದದ್ದು ಹೀಗೆ

ಮನೆಯಲ್ಲಿದ್ದ ಹಳೆಯ ಕಂಪ್ಯೂಟರ್ ಅಪ್ಪನದು. ಅವರು ಅದನ್ನು ಬಿಟ್ಟು ಮೊಬೈಲಿಗೆ ಒಗ್ಗಿಕೊಂಡು ತುಂಬಾ ಕಾಲವಾಗಿತ್ತು. ಅದರಲ್ಲಿ ಮನೆಯವರ ಹಳೆಯ ಫೋಟೋಗಳಿದ್ದವು. ಅಪ್ಪ ಬರೆದಿಟ್ಟ ಲೆಕ್ಕಗಳು, ಪತ್ರಗಳು ಇದ್ದವು. ಇವುಗಳ ಪ್ರತಿ ಬೇರೆಲ್ಲೂ ಇರಲಿಲ್ಲ. ಮತ್ತೆ ಆನ್ ಮಾಡಿದಾಗ ಪಾಸ್‌ವರ್ಡ್ ಏನೆಂದು ಅಪ್ಪನಿಗೂ ನೆನಪಿಲ್ಲ, ನಮಗಂತೂ ಗೊತ್ತೇ ಇಲ್ಲ. ಯಾರನ್ನು ಕೇಳಿದರೂ ಒಂದೇ ಸಲಹೆ: ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಕಂಪ್ಯೂಟರ್ ಸಿಗುತ್ತದೆ, ಆದರೆ ಅದನ್ನು ತೆರೆಯಲು ಹೊರಟಿದ್ದೇ ಆ ಫೈಲುಗಳಿಗಾಗಿ ಅಲ್ವಾ?

ಹಾಗಾಗಿ ಶುರುವಿನಲ್ಲೇ ಒಂದು ಗಟ್ಟಿ ಮಾಡಿಕೊಂಡೆ. ಮೊದಲು ಫೈಲುಗಳನ್ನು ಹೊರಗೆ ತರುವುದು, ಪಾಸ್‌ವರ್ಡ್ ತಂಟೆಗೆ ಆಮೇಲೆ ಹೋಗುವುದು.

ಅದಕ್ಕೂ ಮುಂಚೆ ಕೀಬೋರ್ಡ್ ಪರೀಕ್ಷೆ ಮಾಡಿದೆ. ಇದನ್ನು ಸುಮ್ನೆ ಬಿಟ್ಟುಬಿಡಬೇಡಿ. ಕ್ಯಾಪ್ಸ್ ಲಾಕ್, ನಮ್ ಲಾಕ್ ನೋಡುವುದು ಎಲ್ಲರಿಗೂ ಗೊತ್ತು. ಕನ್ನಡ ಟೈಪ್ ಮಾಡುವವರ ಮನೆಯಲ್ಲಿ ಇನ್ನೊಂದು ಸಂಗತಿ ಇರುತ್ತದೆ. ಸೈನ್-ಇನ್ ಪರದೆಯ ಕೆಳಗೆ ಬಲಗಡೆ ಭಾಷೆಯ ಗುರುತು ಕಂಡರೆ, ಅದು ಇಂಗ್ಲಿಷ್‌ನಲ್ಲಿದೆಯೇ ಎಂದು ನೋಡಿ. ಬೇರೆ ಲೇಔಟ್ ಇದ್ದರೆ ಸರಿಯಾದ ಪಾಸ್‌ವರ್ಡ್ ಕೂಡ ತಪ್ಪಾಗುತ್ತದೆ. ಬರೆದದ್ದರ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಹಿಡಿದರೆ ಏನು ಟೈಪ್ ಆಗಿದೆ ಎಂದು ಕಾಣುತ್ತದೆ. ನಮ್ಮಲ್ಲಿ ಕೀಬೋರ್ಡ್ ಸರಿಯಾಗಿಯೇ ಇತ್ತು.

ಮುಂದೆ ತಿಳಿಯಬೇಕಾದದ್ದು ಖಾತೆಯ ಬಗೆ. ಹೆಸರಿನ ಕೆಳಗೆ ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಖಾತೆ. ಅಪ್ಪನ ಯಂತ್ರದಲ್ಲಿ ಬರೀ ಹೆಸರಿತ್ತು. ಅವರದು ಲೋಕಲ್ ಖಾತೆ, ಅಂದರೆ ಪಾಸ್‌ವರ್ಡ್ ಗುರುತು ಆ ಯಂತ್ರದೊಳಗೇ ಇರುತ್ತದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಲೋಕಲ್ ಖಾತೆ ತೆರೆಯುವಾಗ 3 ಭದ್ರತಾ ಪ್ರಶ್ನೆಗಳನ್ನು ಕೇಳುತ್ತಾರೆ. ಒಮ್ಮೆ ತಪ್ಪು ಪಾಸ್‌ವರ್ಡ್ ಕೊಟ್ಟರೆ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಕಾಣುತ್ತದೆ. ಆ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಅಪ್ಪನ ಖಾತೆ ಅದಕ್ಕಿಂತ ಹಳೆಯದು, ಪ್ರಶ್ನೆಗಳೇ ಇರಲಿಲ್ಲ. ಬೇರೆಯವರ ಪಾಸ್‌ವರ್ಡ್ ಬದಲಿಸಬಲ್ಲ ಅಡ್ಮಿನ್ ಖಾತೆ ಮನೆಯಲ್ಲಿ ಇನ್ನೊಬ್ಬರದ್ದೂ ಆ ಯಂತ್ರದಲ್ಲಿ ಇರಲಿಲ್ಲ.

ಆಗ ಉಬುಂಟು ಕಡೆ ತಿರುಗಿದೆ. ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ, ಲಿನಕ್ಸ್ ಬಗೆಯ ಉಚಿತ ವ್ಯವಸ್ಥೆ ಅದು. ಬೇರೆ ಕಂಪ್ಯೂಟರಿನಲ್ಲಿ ಅದರ ಐಎಸ್‌ಒ ಫೈಲ್ (ಇಡೀ ಉಬುಂಟು ಅಡಕವಾಗಿರುವ ಒಂದೇ ಫೈಲ್) ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಖಾಲಿ ಪೆನ್ ಡ್ರೈವ್‌ಗೆ ಬರೆದೆ. ಅಪ್ಪನ ಯಂತ್ರ ಶುರುವಾಗುವಾಗ ಬೂಟ್ ಮೆನು, ಅಂದರೆ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ ತೆರೆದು ಪೆನ್ ಡ್ರೈವ್ ಆರಿಸಿದೆ. ಬೂಟ್ ಮೆನುವಿನ ಕೀಲಿ ಒಂದೊಂದು ತಯಾರಿಕೆಯಲ್ಲಿ ಒಂದೊಂದು. ಎಫ್12, ಎಫ್9, ಎಸ್ಕೇಪ್, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಸರಿಹೋಗುತ್ತದೆ. ಉಬುಂಟು ಬಂದಾಗ 'ಟ್ರೈ' ಎಂಬುದನ್ನೇ ಒತ್ತಬೇಕು, 'ಇನ್‌ಸ್ಟಾಲ್' ಅಲ್ಲ. ಹೀಗೆ ನಡೆಸಿದರೆ ಉಬುಂಟು ರ‍್ಯಾಮ್‌ನಲ್ಲೇ ಓಡುತ್ತದೆ, ಒಳಗಿನ ಡಿಸ್ಕನ್ನು ನಾವಾಗಿ ತೆರೆಯುವವರೆಗೆ ಮುಟ್ಟುವುದಿಲ್ಲ.

ಎಲ್ಲವೂ ನಿರ್ಧಾರವಾಗುವುದು ಇಲ್ಲೇ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿ ಇಲ್ಲದಿದ್ದರೆ, ವಿಂಡೋಸ್ ಪಾಸ್‌ವರ್ಡ್ ಅದರ ಮೇಲಿನ ಫೈಲುಗಳನ್ನು ಕಾಯುವುದಿಲ್ಲ. ಪಾಸ್‌ವರ್ಡ್ ಕೇಳುವುದು ವಿಂಡೋಸ್. ಅದು ಓಡದೇ ಇದ್ದಾಗ ಕೇಳುವವರೇ ಇಲ್ಲ. ಅಪ್ಪನ ಡಿಸ್ಕ್ ತಕ್ಷಣ ತೆರೆದುಕೊಂಡಿತು. ಯೂಸರ್ಸ್ ಫೋಲ್ಡರಿನೊಳಗೆ ಅಪ್ಪನ ಹೆಸರು, ಅದರೊಳಗೆ ಎಲ್ಲ ಫೋಟೋಗಳು ಇದ್ದಲ್ಲೇ ಇದ್ದವು. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರ ಮುಖ ನೋಡಿ ನನಗೂ ಜೀವ ಬಂದಂತಾಯಿತು.

ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅಷ್ಟೇ ಅಲ್ಲ, ತಂತ್ರಾಂಶಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆಪ್‌ಡೇಟಾ ಫೋಲ್ಡರ್ ಕೂಡ. ವಿಂಡೋಸ್‌ನಲ್ಲಿ ಅದು ಅಡಗಿರುತ್ತದೆ, ಅದಕ್ಕೇ ಜಾಸ್ತಿ ಜನ ಮರೆಯುತ್ತಾರೆ. ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್, ಥಂಡರ್‌ಬರ್ಡ್‌ನ ಮೇಲ್ ಎಲ್ಲ ಅದರೊಳಗಿನ ಪ್ರೊಫೈಲ್ ಫೋಲ್ಡರಿನಲ್ಲಿರುತ್ತವೆ. ನಕಲು ಮುಗಿದ ಮೇಲೆ ಕೆಲವು ಫೋಟೋಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡೆ. ಇಷ್ಟರಲ್ಲಿ ನನ್ನ ಮುಖ್ಯ ಕೆಲಸ ಆಗಿಹೋಗಿತ್ತು.

ಒಂದು ಅಡ್ಡಿ ಬರಬಹುದು. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರೆ ಶಟ್ ಡೌನ್ ಮಾಡಿದರೂ ಅದು ಪೂರ್ತಿ ಆರಿರುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ನಕಲು ಮಾಡಲು ಓದಿದರೆ ಸಾಕು. ಬರೆಯಬೇಕಿದ್ದರೆ ಮತ್ತೆ ವಿಂಡೋಸ್‌ನ ಸೈನ್-ಇನ್ ಪರದೆಗೆ ಹೋಗಿ, ಪವರ್ ಗುರುತಿನಲ್ಲಿ 'ರೀಸ್ಟಾರ್ಟ್' ಆರಿಸಿ. ರೀಸ್ಟಾರ್ಟ್ ಆಗುವಾಗ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಾಗೆ ಬರುವಾಗಲೇ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ.

ಇನ್ನು ಪಾಸ್‌ವರ್ಡ್. ಲೋಕಲ್ ಖಾತೆಗಳ ವಿವರ ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಕಾನ್ಫಿಗ್, ಅದರಲ್ಲಿ ಸ್ಯಾಮ್ ಎಂಬ ಫೈಲಿನಲ್ಲಿರುತ್ತದೆ. ಅಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಅದರ ಹ್ಯಾಶ್ ಮಾತ್ರ, ಅಂದರೆ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿ ತೆಗೆದ ಒಂದು ಗುರುತು ಮಾತ್ರ ಇರುತ್ತದೆ. ಹ್ಯಾಶ್ ನೋಡಿ ಹಳೆಯ ಪಾಸ್‌ವರ್ಡ್ ನೇರವಾಗಿ ಓದಲಾಗದು. ಆದರೆ ಅದನ್ನು ಅಳಿಸಿಹಾಕಬಹುದು. ಇದಕ್ಕೆ ಪೆಟರ್ ನೊರ್ಡಾಲ್-ಹಾಗೆನ್ 1997ರಲ್ಲಿ ಹೊರತಂದ ಸಿಎಚ್‌ಎನ್‌ಟಿಪಿಡಬ್ಲ್ಯು ಎಂಬ ಸಣ್ಣ ಉಪಕರಣವಿದೆ. ಉಬುಂಟುವಿನ ಸ್ವಂತ ತಂತ್ರಾಂಶ ಸಂಗ್ರಹದಲ್ಲೇ ಸಿಗುತ್ತದೆ. 'ಕ್ಷಣದಲ್ಲಿ ಪಾಸ್‌ವರ್ಡ್ ತೆಗೆಯುತ್ತೇವೆ' ಎಂದು ಹಣ ಕೇಳುವ, ಯಾರು ಮಾಡಿದರೆಂದೇ ತಿಳಿಯದ ತಂತ್ರಾಂಶಗಳನ್ನು ಇಂಥ ಯಂತ್ರದಲ್ಲಿ ಓಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ಮೊದಲು ಸ್ಯಾಮ್ ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಆ ಉಪಕರಣದಲ್ಲಿ ಖಾತೆಗಳ ಪಟ್ಟಿ ನೋಡಿ, ಅಪ್ಪನ ಹೆಸರು ಆರಿಸಿ, ಪಾಸ್‌ವರ್ಡ್ ಖಾಲಿ ಮಾಡುವ 1ನೇ ಆಯ್ಕೆ ಒತ್ತಿದೆ. ಹೊರಬರುವಾಗ ಬದಲಾವಣೆ ಉಳಿಸಬೇಕೇ ಎಂದು ಕೇಳಿತು, ಹೌದು ಎಂದೆ. ಹೊಸ ಪಾಸ್‌ವರ್ಡನ್ನು ಇದರಲ್ಲೇ ಇಡಲು ಹೋಗದೆ ಖಾಲಿ ಮಾಡಿ, ಆಮೇಲೆ ವಿಂಡೋಸ್ ಒಳಗೆ ಹೋಗಿ ಇಡುವುದು ಒಳ್ಳೆಯದು. ಮುಂದಿನ ಸಲ ವಿಂಡೋಸ್ ಶುರುವಾದಾಗ ಪಾಸ್‌ವರ್ಡ್ ಕೇಳದೆ ಅಪ್ಪನ ಡೆಸ್ಕ್‌ಟಾಪ್ ಬಂತು.

ಇದಕ್ಕೊಂದು ಬೆಲೆ ಇದೆ, ಮಾಡುವ ಮುಂಚೆಯೇ ಗೊತ್ತಿರಲಿ. ಹೀಗೆ ಬಲವಂತವಾಗಿ ಪಾಸ್‌ವರ್ಡ್ ತೆಗೆದರೆ, ಆ ಪಾಸ್‌ವರ್ಡನ್ನೇ ಆಧರಿಸಿ ವಿಂಡೋಸ್ ಮುಚ್ಚಿಟ್ಟಿದ್ದೆಲ್ಲ ತೆರೆಯುವುದಿಲ್ಲ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ವಿಂಡೋಸ್‌ನ ಒಳಗಿನಿಂದಲೇ ಎನ್‌ಕ್ರಿಪ್ಟ್ ಮಾಡಿದ ಫೈಲುಗಳು ಈ ಗುಂಪಿಗೆ ಸೇರುತ್ತವೆ. ಫೈರ್‌ಫಾಕ್ಸ್ ತನ್ನ ಕೀಲಿಯನ್ನು ತನ್ನ ಪ್ರೊಫೈಲ್‌ನಲ್ಲೇ ಇಟ್ಟುಕೊಳ್ಳುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಅಪ್ಪ ಬಳಸುತ್ತಿದ್ದದ್ದು ಅದನ್ನೇ. ನಿಮ್ಮ ಯಂತ್ರದಲ್ಲಿ ಅಂಥ ಫೈಲುಗಳಿದ್ದರೆ, ಹಳೆಯ ಪಾಸ್‌ವರ್ಡ್ ನೆನಪಿಸಿಕೊಳ್ಳಲು ಇನ್ನಷ್ಟು ಸಮಯ ಕೊಡಿ. ಫೈಲುಗಳು ಹೇಗೂ ನಕಲಾಗಿರುತ್ತವೆ, ಅವಸರವೇನಿದೆ?

ಅಕ್ಕನ ಲ್ಯಾಪ್‌ಟಾಪ್‌ನದು ಬೇರೆಯೇ ಕಥೆ. ಅದರಲ್ಲಿ ವಿಂಡೋಸ್ 11, ಮೈಕ್ರೋಸಾಫ್ಟ್ ಖಾತೆ, ಡಿಸ್ಕ್ ಪೂರ್ತಿ ವಿಂಡೋಸ್‌ನದೇ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಎನ್‌ಕ್ರಿಪ್ಟ್ ಆಗಿತ್ತು. ಇಂಥದ್ದಕ್ಕೆ ಪೆನ್ ಡ್ರೈವ್‌ನ ದಾರಿ ಇಲ್ಲ. ಒಳಗಿನದೆಲ್ಲ ಅರ್ಥವಿಲ್ಲದ ಅಂಕಿಗಳಂತೆ ಕಾಣುತ್ತದೆ. ಆದರೆ ಖಾತೆ ಆನ್‌ಲೈನ್‌ನಲ್ಲಿರುವುದರಿಂದ ಅವಳ ಮೊಬೈಲಿನಲ್ಲೇ ಪಾಸ್‌ವರ್ಡ್ ಬದಲಿಸಿದೆವು. ಲ್ಯಾಪ್‌ಟಾಪ್ ಹಳೆಯದನ್ನೇ ನೆನಪಿಟ್ಟುಕೊಂಡಿತ್ತು. ಸೈನ್-ಇನ್ ಪರದೆಯಲ್ಲೇ ವೈಫೈ ಜೋಡಿಸಿದ ಮೇಲೆ ಹೊಸದನ್ನು ಒಪ್ಪಿತು. ಪಿನ್ ಮಾತ್ರ ಬೇರೆ ವಿಷಯ. ಅದು ಆ ಯಂತ್ರಕ್ಕಷ್ಟೇ ಸೇರಿದ್ದು, ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಪಿನ್ ಬದಲಾಗುವುದಿಲ್ಲ.

ಬಿಟ್‌ಲಾಕರ್ ಇರುವ ಯಂತ್ರ ಕೆಲವೊಮ್ಮೆ ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಅಕ್ಕನ ಕೀಯನ್ನು ಅಂದೇ ಕಾಗದದ ಮೇಲೆ ಬರೆದಿಟ್ಟೆವು. ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂದೂ ನೋಡಿದೆವು. ಹಳೆಯ ಸಂಖ್ಯೆ, ಹಳೆಯ ಇಮೇಲ್ ಎರಡೂ ಕೈಬಿಟ್ಟು ಹೊಸದನ್ನು ಸೇರಿಸಬೇಕಾಗಿ ಬಂದರೆ 30 ದಿನ ಕಾಯಬೇಕಾಗುತ್ತದೆ.

ಅಪ್ಪನ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಇಟ್ಟ ಮೇಲೆ 'ಪಾಸ್‌ವರ್ಡ್ ರೀಸೆಟ್ ಡಿಸ್ಕ್' ಮಾಡಿದೆ. ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ ಲೋಕಲ್ ಖಾತೆಗಳಿಗೆ ಈ ಅನುಕೂಲ ಇದೆ. ಪೆನ್ ಡ್ರೈವ್‌ನಲ್ಲಿ ಒಂದು ಚಿಕ್ಕ ಫೈಲ್ ಕೂರುತ್ತದೆ, ಅಷ್ಟೇ. ಮುಂದೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದು ಕೆಲಸ ಮಾಡುತ್ತದೆ. ಆ ಪೆನ್ ಡ್ರೈವ್ ಇದ್ದವರು ಯಾರೇ ಆದರೂ ಒಳಗೆ ಹೋಗಬಹುದು. ಅದಕ್ಕೇ ಅಪ್ಪ ಅದನ್ನು ಮನೆಯ ಕಾಗದಪತ್ರಗಳ ಜೊತೆ ಬೀಗ ಹಾಕಿ ಇಟ್ಟಿದ್ದಾರೆ.